ಬೇಡರ ಕಣ್ಣಪ್ಪನ ನೀಲಾ ನಾಯಕನ ತಾಯಿಯಾದದ್ದು ಹೇಗೆ? ಹಳೆಯ ಕನ್ನಡ ಚಿತ್ರಗಳ ನಾಯಕಿಯರನ್ನು ಕುರಿತು

ಕಪ್ಪುಬಿಳುಪು ಪ್ರೇಮಿ (ಪ್ರಶ್ನೆ):

ಹಳೆಯ ಚಿತ್ರಗಳಲ್ಲಿ ಆಸಕ್ತಿಯುಳ್ಳ ಎಲ್ಲರಿಗೂ ನಮಸ್ಕಾರ. ಈಚೆಗೆ 1954ರ ‘ಬೇಡರ ಕಣ್ಣಪ್ಪ’ ಮತ್ತು 1986ರ ‘ಅನುರಾಗ ಅರಳಿತು’ ಚಿತ್ರಗಳನ್ನು ಒಂದರ ಬೆನ್ನಿಗೆ ಇನ್ನೊಂದರಂತೆ ನೋಡಿದೆ. ಮೊದಲನೆಯದರಲ್ಲಿ ಪಂಢರಿಬಾಯಿಯವರು ರಾಜ್‌ಕುಮಾರ್ ಅವರ ಹೆಂಡತಿ ನೀಲಾ. ಎರಡನೆಯದರಲ್ಲಿ ಅದೇ ರಾಜ್‌ಕುಮಾರ್ ಅವರ ಶಂಕರನಿಗೆ ಅವರು ಓಡಾಡಲಾಗದೆ ಕುಳಿತಲ್ಲೇ ಕುಳಿತ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. 57ರ ರಾಜ್‌ಕುಮಾರ್ ಅವರಿಗೆ ಆ ಚಿತ್ರದಲ್ಲಿ ಜೋಡಿಯಾದ ಮಾಧವಿ ಮತ್ತು ಗೀತಾ, ‘ಬೇಡರ ಕಣ್ಣಪ್ಪ’ ತೆರೆಕಂಡಾಗ ಇನ್ನೂ ಹುಟ್ಟಿಯೇ ಇರಲಿಲ್ಲ.

ನಾಯಕ ನಾಯಕನಾಗಿಯೇ ಉಳಿದು ನಾಯಕಿ ತಾಯಿಯಾಗುವುದು ನಮ್ಮ ಚಿತ್ರರಂಗದ ಹಳೆಯ ಚಾಳಿ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಅಷ್ಟರಿಂದ ನನಗೆ ಸಮಾಧಾನವಾಗುತ್ತಿಲ್ಲ. ಏಕೆಂದರೆ ಎಂ. ವಿ. ರಾಜಮ್ಮ, ಪಂಢರಿಬಾಯಿ, ಲೀಲಾವತಿ ಈ ಮೂವರ ಅತ್ಯುತ್ತಮ ಅಭಿನಯವನ್ನು ಹುಡುಕಿಕೊಂಡು ಹೊರಟರೆ, ಅದು ಎಷ್ಟೋ ಬಾರಿ ಅವರ ತಾಯಿಯ ಪಾತ್ರಗಳಲ್ಲೇ ಸಿಗುತ್ತದೆ. ಹಾಗಾದರೆ ಈ ಪಾತ್ರಗಳು ಅವರ ಪಾಲಿಗೆ ಬಂದದ್ದು ಬೇರೆ ದಾರಿ ಇಲ್ಲದ ಕಾರಣಕ್ಕೋ, ಅಥವಾ ಆ ಕಾಲದ ನಟನಟಿಯರಿಗೆ ವಯಸ್ಸೆಂಬುದು ಮೀಸೆ, ಕಿರೀಟಗಳಂತೆ ಬಣ್ಣದ ಮನೆಯಲ್ಲಿ ಧರಿಸಿ ಕಳಚುವ ವಸ್ತುವಾಗಿದ್ದ ಕಾರಣಕ್ಕೋ? ತಿಳಿದವರು ಚಿತ್ರಗಳನ್ನು ಮುಂದಿಟ್ಟುಕೊಂಡು ವಿವರಿಸಿದರೆ ಉಪಕಾರವಾದೀತು.

ರಂಗಪರದೆ:

ನಿಮ್ಮ ಎರಡನೆಯ ಊಹೆಯ ಕಡೆಗೇ ನನ್ನ ಒಲವು. ನಮ್ಮ ಮೊದಲ ತಲೆಮಾರಿನ ಚಿತ್ರ ಕಲಾವಿದರಲ್ಲಿ ಹೆಚ್ಚಿನವರು ಬಂದದ್ದು ವೃತ್ತಿ ನಾಟಕ ಕಂಪನಿಗಳಿಂದ. ಕಂಪನಿಯಲ್ಲಿ ಪಾತ್ರ ಹಂಚುವಾಗ ನಟನ ಜನ್ಮದಿನವನ್ನು ಯಾರೂ ಕೇಳುತ್ತಿರಲಿಲ್ಲ. ಕಂಠ, ನಿಲುವು, ಮಾತಿನ ವರಸೆ ಇವನ್ನು ನೋಡುತ್ತಿದ್ದರು. ಗಂಡಸರೇ ಹೆಣ್ಣಾಗಿ ರಂಗಕ್ಕೆ ಬರುತ್ತಿದ್ದ ಕಡೆ ಇಪ್ಪತ್ತೈದರ ಯುವಕ ಎಪ್ಪತ್ತರ ಮುದುಕನಾಗುವುದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ಬಿ. ಆರ್. ಪಂತುಲು ಮತ್ತು ಎಂ. ವಿ. ರಾಜಮ್ಮನವರ ಜೋಡಿ. ಚಂದ್ರಕಲಾ ನಾಟಕ ಮಂಡಳಿಯಲ್ಲಿದ್ದ ಈ ಇಬ್ಬರೂ ಎಚ್. ಎಲ್. ಎನ್. ಸಿಂಹ ಅವರ ‘ಸಂಸಾರ ನೌಕೆ’ 1936ರಲ್ಲಿ ಚಿತ್ರವಾದಾಗ ತೆರೆಯ ಮೇಲೆ ಯುವ ದಂಪತಿಗಳಾಗಿ ಬಂದರು. ಮುಂದೆ 1958ರ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಪಂತುಲು ಅವರೇ ನಿರ್ದೇಶಿಸಿ, ಬೆಳೆದ ಮಕ್ಕಳಿಂದ ಕೈಬಿಡಲ್ಪಟ್ಟ ಮುದಿ ಮೇಷ್ಟರ ಪಾತ್ರವನ್ನು ತಾವೇ ವಹಿಸಿದರು. ಹೆಂಡತಿಯಾಗಿ ಮತ್ತೆ ರಾಜಮ್ಮ. ಪಂತುಲು ಅವರಿಗೆ ಆಗ ಐವತ್ತಾಗಿರಲಿಲ್ಲ, ರಾಜಮ್ಮನವರಿಗೆ ನಲವತ್ತೂ ತುಂಬಿರಲಿಲ್ಲ. ಆದರೂ ಮುಪ್ಪಿನಲ್ಲಿ ಗಂಡಹೆಂಡಿರು ಬೇರೆ ಬೇರೆ ಮನೆಗಳಲ್ಲಿ ದಿನ ದೂಡಬೇಕಾಗಿ ಬರುವ ಭಾಗದಲ್ಲಿ ಅವರ ವಯಸ್ಸಿನ ಬಗ್ಗೆ ಯಾವ ನೋಡುಗನಿಗೂ ಸಂಶಯ ಮೂಡುವುದಿಲ್ಲ. ಈ ಕಥೆ ಆಮೇಲೆ ಹಿಂದಿ, ಮಲಯಾಳಂ, ತಮಿಳು, ತೆಲುಗುಗಳಿಗೂ ಹೋಯಿತು. ತೆಲುಗಿನಲ್ಲಿ ಮೇಷ್ಟರಾದವರು ಎನ್. ಟಿ. ರಾಮರಾವ್. ಶಿವಾಜಿ ಗಣೇಶನ್ ಅವರು ಕನ್ನಡದ ಚಿತ್ರದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಅವರ ಅಭಿಮಾನಿಗಳಿಗೆ ಇಷ್ಟವಾಗಲಿಕ್ಕಿಲ್ಲ, ಆದರೆ ಆ ದೃಶ್ಯದಲ್ಲೂ ನನ್ನ ಕಣ್ಣು ಪಂತುಲು ಅವರ ಮೇಲೆಯೇ ಇತ್ತು.

ಹೆಂಗಸರು ಮಾತ್ರ ಹೀಗೆ ಮುದುಕರಾದರು ಎನ್ನುವುದೂ ಸರಿಯಲ್ಲ. ಉದಯಕುಮಾರ್ 1956ರ ‘ಭಾಗ್ಯೋದಯ’ದಲ್ಲಿ ನಾಯಕರಾಗಿ ಬಂದವರು, ರಾಜ್‌ಕುಮಾರ್ ಅವರಿಗಿಂತ ಕಿರಿಯರು. ಅವರೇ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಜಟೆ, ಗಡ್ಡ ಹೊತ್ತು ವಿಶ್ವಾಮಿತ್ರರಾದರು. ಆಗ ಅವರಿಗೆ ಕೇವಲ 32 ವರ್ಷ! ಕೆ. ಎಸ್. ಅಶ್ವಥ್ ಅವರೂ 1955ರ ‘ಸ್ತ್ರೀರತ್ನ’ದ ನಾಯಕರೇ. ರಾಜ್‌ಕುಮಾರ್ ಅವರಿಗಿಂತ ನಾಲ್ಕೇ ವರ್ಷ ಹಿರಿಯರಾದ ಅವರನ್ನು ಇಡೀ ನಾಡು ಹಿರಿಯ ಯಜಮಾನರೆಂದೇ ನೆನೆಯುತ್ತದೆ.

ಸಂಜೆಯ ಆಟ:

ರಂಗಪರದೆಯವರ ಮಾಹಿತಿಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದು ಕಷ್ಟ. ನಾಟಕ ಕಂಪನಿಯ ಪದ್ಧತಿಯೊಂದೇ ಕಾರಣವಾಗಿದ್ದರೆ ಈ ದಾರಿ ಎರಡೂ ಕಡೆಗೆ ತೆರೆದಿರಬೇಕಿತ್ತು. ಉದಯಕುಮಾರ್ ಮುನಿಯಾದ ಮೇಲೂ ಬೇರೆ ಬಗೆಯ ಪಾತ್ರಗಳಿಗೆ ಹಿಂತಿರುಗಬಲ್ಲರು. ತಾಯಿಯೆಂದು ಒಮ್ಮೆ ಹೆಸರಾದ ನಟಿಯನ್ನು ಮತ್ತೆ ಪ್ರೇಮಗೀತೆಗೆ ಕರೆಯುವ ನಿರ್ಮಾಪಕರು ವಿರಳ. ಪಂಢರಿಬಾಯಿಯವರ ತಮಿಳು ಚಿತ್ರಗಳನ್ನೂ ಜೊತೆಗಿಟ್ಟು ನೋಡಿ. 1952ರ ‘ಪರಾಶಕ್ತಿ’ಯಲ್ಲಿ ಅವರು ಶಿವಾಜಿ ಗಣೇಶನ್ ಅವರಿಗೆ ಜೋಡಿ. 1968ರ ‘ಕುಡಿಯಿರುಂದ ಕೋಯಿಲ್’ನಲ್ಲಿ ಎಂ. ಜಿ. ರಾಮಚಂದ್ರನ್ ಅವರ ತಾಯಿ. 1917ರಲ್ಲಿ ಹುಟ್ಟಿದ ಎಂಜಿಆರ್ ಈ ‘ತಾಯಿ’ಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯರು! ಇದನ್ನು ರಂಗಭೂಮಿಯ ಸಂಪ್ರದಾಯ ಎಂದು ಕರೆಯಲು ನನಗೆ ಮನಸ್ಸು ಬಾರದು. ನಾಯಕನ ಯೌವನವನ್ನು ಕಾಯ್ದುಕೊಳ್ಳಲು ಅವನ ಸುತ್ತಲಿನ ಹೆಂಗಸರನ್ನು ಮುದುಕಿಯರನ್ನಾಗಿಸುವ ವ್ಯಾಪಾರ ಅದು.

ಇದಕ್ಕೆ ಹಿಂದಿನ ಸ್ಥಿತಿಯನ್ನು ಗಮನಿಸಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗುಬ್ಬಿ ನಾಟಕ ಕಂಪನಿಯ ಬಿ. ಜಯಮ್ಮನವರು 1946ರ ‘ಹೇಮರೆಡ್ಡಿ ಮಲ್ಲಮ್ಮ’ದಲ್ಲಿ ಮಲ್ಲಮ್ಮನಾದಾಗ ಅವರಿಗೆ ಮೂವತ್ತು ದಾಟಿತ್ತು. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಜನ ಚಿತ್ರಮಂದಿರಕ್ಕೆ ಬರುತ್ತಿದ್ದದ್ದೇ ಜಯಮ್ಮನವರ ಹಾಡು ಕೇಳಲು. ಎಂ. ವಿ. ರಾಜಮ್ಮನವರು 1943ರಲ್ಲಿ ‘ರಾಧಾರಮಣ’ವನ್ನು ತಾವೇ ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನಿಸಿದರು. ಪಂಢರಿಬಾಯಿಯವರೂ 1955ರಲ್ಲಿ ‘ಸಂತ ಸಖು’ವನ್ನು ತಮ್ಮ ಸ್ವಂತ ಸಂಸ್ಥೆಯಿಂದ ತಯಾರಿಸಿ ಸಖುವಿನ ಪಾತ್ರವನ್ನು ತಾವೇ ಮಾಡಿದರು. ಹಣದ ಪೆಟ್ಟಿಗೆಯ ಬೀಗದ ಕೈ ಹೆಂಗಸರ ಬಳಿ ಇದ್ದಾಗ ಕಥೆಯ ನಡುವೆಯೂ ಹೆಂಗಸೇ ಇದ್ದಳು. ಅರವತ್ತರ ದಶಕದ ಹೊತ್ತಿಗೆ ಚಿತ್ರದ ಮಾರಾಟ ನಾಯಕನಟನ ಹೆಸರಿನ ಮೇಲೆ ನಡೆಯತೊಡಗಿತು. ಒಬ್ಬನೇ ನಾಯಕ ವರ್ಷಕ್ಕೆ ಹತ್ತಾರು ಚಿತ್ರಗಳಲ್ಲಿ ಬರುವಾಗ ಹೊಸತನಕ್ಕೆಂದು ಬದಲಾಯಿಸಲು ಉಳಿದದ್ದು ನಾಯಕಿಯೊಬ್ಬಳೇ. ಹೀಗೆ ಬದಲಾದ ನಾಯಕಿಗೆ ಅದೇ ಚಿತ್ರರಂಗದಲ್ಲಿ ಖಾಲಿ ಇದ್ದದ್ದು ಅತ್ತೆ ಮತ್ತು ತಾಯಿಯ ಸ್ಥಾನಗಳು ಮಾತ್ರ.

ಅವರು ಆ ಸ್ಥಾನದಲ್ಲಿ ಕೂತು ಎಂತಹ ಅಭಿನಯ ನೀಡಿದರು ಎನ್ನುವುದು ಬೇರೆ ಪ್ರಶ್ನೆ. ಅದು ಅವರ ಪ್ರತಿಭೆಯ ಹಿರಿಮೆ, ವ್ಯವಸ್ಥೆಯ ಔದಾರ್ಯವಲ್ಲ.

ನಾಲ್ಕನೇ ಸಾಲು:

ಲೀಲಾವತಿಯವರ ಮಟ್ಟಿಗೆ ಸಂಜೆಯ ಆಟ ಅವರ ವಾದಕ್ಕೆ ಒಂದು ತಿದ್ದುಪಡಿ ಬೇಕೆನಿಸುತ್ತದೆ. 1960ರ ‘ರಣಧೀರ ಕಂಠೀರವ’ ಮತ್ತು ‘ರಾಣಿ ಹೊನ್ನಮ್ಮ’ ಚಿತ್ರಗಳ ಕಾಲದಿಂದ ರಾಜ್‌ಕುಮಾರ್ ಅವರ ನಾಯಕಿಯಾಗಿದ್ದ ಅವರು, ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಲ್ಲಿ ಕಲ್ಪನಾ ಅವರ ತಾಯಿ ಅಪರ್ಣಾ ಆದರು. ಇಬ್ಬರ ನಡುವಿನ ಅಂತರ ಐದಾರು ವರ್ಷವಷ್ಟೇ. 1972ರ ‘ನಾಗರಹಾವು’ ಚಿತ್ರದಲ್ಲಿ ಚಾಮಯ್ಯ ಮೇಷ್ಟರ ಹೆಂಡತಿ ತುಂಗಮ್ಮನಾಗಿ ವಿಷ್ಣುವರ್ಧನ್ ಅವರ ರಾಮಾಚಾರಿಗೆ ತಾಯಿಯ ಅಕ್ಕರೆ ತೋರಿದರು. ಇಷ್ಟಾದ ಮೇಲೆ 1974ರ ‘ಭಕ್ತ ಕುಂಬಾರ’ದಲ್ಲಿ ಮತ್ತೆ ರಾಜ್‌ಕುಮಾರ್ ಅವರ ಗೋರನಿಗೆ ಹೆಂಡತಿ! ದಾರಿ ಒಮ್ಮುಖವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಭಕ್ತಿಚಿತ್ರ, ಪೌರಾಣಿಕ ಚಿತ್ರಗಳಲ್ಲಿ ಗೃಹಿಣಿಯ ಗಾಂಭೀರ್ಯ ಬೇಕಿದ್ದಾಗ ನಿರ್ದೇಶಕರು ಅನುಭವಿ ನಟಿಯ ಕಡೆಗೆ ತಿರುಗುತ್ತಿದ್ದರು. ಸಾಮಾಜಿಕ ಚಿತ್ರಗಳ ಪ್ರಣಯಕ್ಕೆ ಮಾತ್ರ ಹೊಸ ಮುಖ ಬೇಕಾಗುತ್ತಿತ್ತು ಎಂದು ನನಗೆ ತೋರುತ್ತದೆ.

‘ಗೆಜ್ಜೆಪೂಜೆ’ಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ಎಲ್ಲರಿಗೂ ಕಲ್ಪನಾ ಅವರ ಚಿತ್ರವೆಂದೇ ಪರಿಚಿತ, ಅದು ನ್ಯಾಯವೂ ಹೌದು. ಆದರೆ ಅಪರ್ಣಾಳ ಪಾತ್ರ ಕಣ್ಣೀರು ಸುರಿಸುವ ಸಿದ್ಧ ಮಾದರಿಯ ತಾಯಿಯದಲ್ಲ. ತಾನು ಸಿಕ್ಕಿಬಿದ್ದಿರುವ ವೇಶ್ಯಾವೃತ್ತಿಯಿಂದ ಮಗಳನ್ನು ದೂರವಿಡಬೇಕೆಂಬ ಹಂಬಲ ಒಂದು ಕಡೆ, ತನ್ನ ಬದುಕೇ ಮಗಳ ದಾರಿಗೆ ಅಡ್ಡ ಬರುತ್ತಿದೆ ಎಂಬ ಅರಿವು ಇನ್ನೊಂದು ಕಡೆ. ಈ ಎರಡನ್ನೂ ಲೀಲಾವತಿಯವರು ದನಿ ಏರಿಸದೆ ನಿಭಾಯಿಸಿದ್ದಾರೆ. ಕಲ್ಪನಾ ಅವರ ಅಭಿನಯ ಮೇಲಿನ ಸ್ಥಾಯಿಯಲ್ಲಿ ಸಾಗುವಾಗಲೆಲ್ಲ ಅದಕ್ಕೆ ಕೆಳಗಿನಿಂದ ಶ್ರುತಿ ಹಿಡಿದವರು ಇವರು. ನಾಯಕಿಯಾಗಿ ಮರ ಸುತ್ತುವಾಗ ಅವರಿಗೆ ಇಂಥ ಪಾತ್ರ ಎಲ್ಲಿ ಸಿಕ್ಕಿತ್ತು?

ಸಂಜೆಯ ಆಟ:

‘ಭಕ್ತ ಕುಂಬಾರ’ದ ಉದಾಹರಣೆ ಒಳ್ಳೆಯದೇ. ಆದರೆ ಅದೇ ಚಿತ್ರದಲ್ಲಿ ಗೋರನಿಗೆ ಎರಡನೆಯ ಹೆಂಡತಿಯಾಗಿ ಬರುವವರು ಆಗಿನ್ನೂ ಹೊಸಬರಾಗಿದ್ದ ಮಂಜುಳಾ ಎಂಬುದನ್ನೂ ಮರೆಯಬಾರದು.

ಹಳೇ ಟೆಂಟಿನ ಟಿಕೇಟು:

ನಾನು ಅಶ್ವಥ್ ಅವರ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ಹಿರಿಯ ಪಾತ್ರ ಎಂದರೇನು ಎಂಬುದನ್ನು ಅವರನ್ನು ಬಿಟ್ಟು ಚರ್ಚಿಸುವುದು ಸಾಧ್ಯವಿಲ್ಲ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟರನ್ನು ಒಳ್ಳೆಯತನದ ಮೂರ್ತಿಯೆಂದೇ ನಾವು ನೆನೆಯುತ್ತೇವೆ. ಆದರೆ ಚಿತ್ರವನ್ನು ಎಚ್ಚರದಿಂದ ನೋಡಿದರೆ ರಾಮಾಚಾರಿಯ ಬಾಳು ಹಾಳಾಗುವುದರಲ್ಲಿ ಮೇಷ್ಟರ ಪಾಲೂ ಇದೆ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡುವಂತೆ ಶಿಷ್ಯನ ಮನವೊಲಿಸುವಾಗ ಅಶ್ವಥ್ ಗದರುವುದಿಲ್ಲ, ಅಪ್ಪಣೆ ಮಾಡುವುದಿಲ್ಲ. ಪ್ರೀತಿಯಿಂದಲೇ ಕಟ್ಟಿಹಾಕುತ್ತಾರೆ, ಆ ಪ್ರೀತಿ ನಿಜವೂ ಆಗಿರುವುದರಿಂದ ಹುಡುಗನಿಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಕೊನೆಯಲ್ಲಿ ದುರ್ಗದ ಬೆಟ್ಟದ ಮೇಲೆ ಅವನ ಎರಡನೆಯ ಪ್ರೇಯಸಿ ಮಾರ್ಗರೆಟ್‌ಳನ್ನೂ ಬಿಡೆಂದು ಹೇಳಲು ಅದೇ ಮೇಷ್ಟರು ಅದೇ ಅಕ್ಕರೆಯಿಂದ ಬಂದು ನಿಂತಾಗ ನಮಗೆ ಭಯವಾಗುತ್ತದೆ. 47ರ ವಯಸ್ಸಿನ ನಟ ಈ ಪಾತ್ರವನ್ನು ಕೇವಲ ನರೆತ ತಲೆ, ನಡುಗುವ ದನಿಗಳ ಮೇಲೆ ನಿಲ್ಲಿಸಿದ್ದರೆ ಇದು ಸಾಧ್ಯವಿತ್ತೇ? ಆ ವರ್ಷದ ರಾಜ್ಯ ಸರ್ಕಾರದ ಪೋಷಕ ನಟ ಪ್ರಶಸ್ತಿ ಅವರಿಗೆ ಸಂದಿತು. ಪೋಷಕ ಎಂಬುದು ಅಲ್ಲಿ ಹೆಸರಿಗೆ ಮಾತ್ರ. ಕಥೆಯನ್ನು ನಡೆಸುವವರೇ ಅವರು.

ನನ್ನ ಅಭಿಪ್ರಾಯದಲ್ಲಿ ಇಲ್ಲಿನ ವಾದವಿವಾದಕ್ಕೆ ಸಂಬಂಧಿಸಿದ ವ್ಯತ್ಯಾಸ ಇರುವುದು ಇಲ್ಲೇ. ಗಂಡಸು ಹಿರಿಯನಾದರೆ ಅವನಿಗೆ ಗುರು, ಜಮೀನ್ದಾರ, ನ್ಯಾಯಾಧೀಶ, ಮುನಿ ಎಂದು ಬಗೆಬಗೆಯ ಉದ್ಯೋಗಗಳು ದೊರೆಯುತ್ತಿದ್ದವು, ತಪ್ಪು ಮಾಡುವ ಅಧಿಕಾರವೂ ದೊರೆಯುತ್ತಿತ್ತು. ಹೆಂಗಸು ಹಿರಿಯಳಾದರೆ ಅವಳ ಉದ್ಯೋಗ ತಾಯ್ತನವೊಂದೇ. ಅದರಲ್ಲೂ ಬಹುಪಾಲು ತಾಯಂದಿರು ತಪ್ಪು ಮಾಡುವಂತಿರಲಿಲ್ಲ. ಕಾಯುವುದು, ಹರಸುವುದು, ಹೊಲಿಗೆ ಯಂತ್ರದ ಮುಂದೆ ಕೂತು ಕೆಮ್ಮುವುದು ಇಷ್ಟೇ. ಅಪರ್ಣಾಳಂಥ ಪಾತ್ರಗಳು ನಮಗೆ ವಿಶೇಷವಾಗಿ ಕಾಣುವುದು ಅವು ಅಪರೂಪವಾದುದರಿಂದ.

ಕಪ್ಪುಬಿಳುಪು ಪ್ರೇಮಿ:

ಎಲ್ಲರಿಗೂ ಧನ್ಯವಾದಗಳು. ಈ ಕಣ್ಣಿನಿಂದ ‘ಸತ್ಯ ಹರಿಶ್ಚಂದ್ರ’ವನ್ನು ಇನ್ನೊಮ್ಮೆ ನೋಡಿದೆ. ಉದಯಕುಮಾರ್ ಅವರ ವಿಶ್ವಾಮಿತ್ರ, ನರಸಿಂಹರಾಜು ಅವರ ನಕ್ಷತ್ರಿಕ, ಎಂ. ಪಿ. ಶಂಕರ್ ಅವರ ವೀರಬಾಹು ಎಲ್ಲರೂ ಅಬ್ಬರದಿಂದ ತೆರೆ ತುಂಬುವ ಚಿತ್ರದಲ್ಲಿ ಪಂಢರಿಬಾಯಿಯವರ ಚಂದ್ರಮತಿಯೊಬ್ಬಳೇ ತಗ್ಗಿದ ದನಿಯಲ್ಲಿ ಮಾತನಾಡುತ್ತಾಳೆ. ಮಗನ ಶವವನ್ನು ಹೊತ್ತು ಸ್ಮಶಾನಕ್ಕೆ ಬಂದ ತಾಯಿ ತನ್ನ ಗಂಡನೆದುರೇ ಸುಂಕಕ್ಕಾಗಿ ಅಂಗಲಾಚುವ ದೃಶ್ಯದಲ್ಲಿ ಅವಳು ಹೆಂಡತಿಯೂ ಹೌದು, ತಾಯಿಯೂ ಹೌದು. ಹಾಗಾಗಿ ನಾಯಕಿಯ ಕಾಲ ಮುಗಿದು ತಾಯಿಯ ಕಾಲ ಆರಂಭವಾಯಿತು ಎಂದು ಗೆರೆ ಎಳೆಯುವುದು ಅವರ ವಿಷಯದಲ್ಲಿ ಸುಲಭವಲ್ಲ ಎನಿಸಿತು.

ಇದರ ಜೊತೆಗೆ ಇನ್ನೊಂದು ಸಂಗತಿ ಹೇಳಬೇಕು. ‘ಅನುರಾಗ ಅರಳಿತು’ ತಮಿಳಿನಲ್ಲಿ 1992ರಲ್ಲಿ ‘ಮನ್ನನ್’ ಆದಾಗ ನಾಯಕ ಬದಲಾಗಿ ರಜನೀಕಾಂತ್ ಬಂದರು, ನಾಯಕಿಯರು ಬದಲಾಗಿ ವಿಜಯಶಾಂತಿ ಮತ್ತು ಖುಷ್ಬೂ ಬಂದರು. ತಾಯಿಯ ಪಾತ್ರಕ್ಕೆ ಮಾತ್ರ ಮತ್ತೆ ಪಂಢರಿಬಾಯಿಯವರೇ. ಇದನ್ನು ಸಂಜೆಯ ಆಟ ಅವರು ತಮ್ಮ ವಾದಕ್ಕೆ ಬೆಂಬಲವೆಂದು ಎಣಿಸಬಹುದು, ರಂಗಪರದೆಯವರು ತಮ್ಮದಕ್ಕೆ.

ರಂಗಪರದೆ:

ನಾನು ಅದನ್ನು ನನ್ನ ಕಡೆಗೆ ಎಣಿಸಿಕೊಳ್ಳಲಾರೆ. ನಾಟಕ ಕಂಪನಿಯಲ್ಲಾಗಿದ್ದರೆ ಊರು ಬದಲಾದಾಗ ಪಂಢರಿಬಾಯಿಯವರಿಗೂ ಒಂದು ಹೊಸ ಪಾತ್ರ ಸಿಗಬಹುದಿತ್ತು. ಅವರ ಹೆಸರಿನ ಜೊತೆಗೆ ತಾಯಿ ಎಂಬುದು ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ದೂರದರ್ಶನದ ಕಾಲದಿಂದ ನಾವು ಹೆಚ್ಚಾಗಿ ನೋಡುತ್ತ ಬಂದಿರುವ ವರ್ಣಚಿತ್ರಗಳೂ ಕಾರಣವಿರಬಹುದು. ‘ಸಂತ ಸಖು’ವನ್ನು ನೋಡಿದವರು ಈಗ ನಮ್ಮ ನಡುವೆ ಎಷ್ಟು ಮಂದಿ ಇದ್ದೇವೆ? ಅದರ ನೋಡಬಹುದಾದ ಪ್ರತಿ ಯಾರ ಬಳಿಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.