ಕಾರವಾರದಲ್ಲಿ ಬೀದಿ ವ್ಯಾಪಾರದ ಬಗ್ಗೆ ಉಪನ್ಯಾಸ: ವ್ಯಾಪಾರಿಗಳೇ ಬರೋ ಹಾಗೆ ಮಾಡೋದು ಹೇಗೆ?

ಕೋಡಿಬಾಗ_ಮೇಷ್ಟ್ರು:

ಕಾರವಾರದ ಒಂದು ಪದವಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಧಾರವಾಡದ ಪ್ರಾಧ್ಯಾಪಕರೊಬ್ಬರು ‘ನಗರ ನೀತಿ ಮತ್ತು ಸಾಮಾಜಿಕ ನ್ಯಾಯ’ ಅಂತ ಸಾರ್ವಜನಿಕ ಉಪನ್ಯಾಸ ಕೊಡಲು ಒಪ್ಪಿದ್ದಾರೆ. ಸಂಭಾವನೆ ಬೇಡವಂತೆ, ಅರಬೈಲ್ ಘಟ್ಟ ಇಳಿದು ಬರೋ ಬಸ್ ಚಾರ್ಜ್ ಕೊಟ್ಟರೆ ಸಾಕಂತೆ. ಮಾತು ಮುಖ್ಯವಾಗಿ ಬೀದಿ ಬದಿ ವ್ಯಾಪಾರಿಗಳ ಬಗ್ಗೆ, ಪೇಟೆಯ ಜಾಗ ಯಾರದ್ದು ಅನ್ನೋದರ ಬಗ್ಗೆ.

ನಮ್ಮಲ್ಲಿ ಸಾರ್ವಜನಿಕ ಉಪನ್ಯಾಸ ಅಂದ್ರೆ ಹೇಗಿರುತ್ತೆ ನಿಮಗೂ ಗೊತ್ತು. ಹಾಜರಿಗೋಸ್ಕರ ಕೂತ ಬಿ.ಎ. ಮಕ್ಕಳು, ಮುಂದಿನ ಸಾಲಲ್ಲಿ ಸಿಬ್ಬಂದಿ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವರ ಫೈಲಿಗೆ ಬ್ಯಾನರ್ ಸಮೇತ ಒಂದು ಫೋಟೊ. ಗೇಟಿನ ಹೊರಗೆ ಕಲ್ಲಂಗಡಿ ಹೆಚ್ಚಿ ಮಾರೋ ಹೆಂಗಸಿಗೆ ಒಳಗೆ ತನ್ನ ಬಗ್ಗೆಯೇ ಮಾತು ನಡೀತಿದೆ ಅಂತ ಸುಳಿವೂ ಇರಲ್ಲ. ಬೆಂಗಳೂರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ನ್ಯಾಷನಲ್ ಲಾ ಸ್ಕೂಲ್ ಥರದ ಕಡೆ ಹೊರಗಿನವರಿಗೂ ಇಂಥ ಉಪನ್ಯಾಸ ಇಡ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ರೆಕಾರ್ಡಿಂಗ್‌ ಕೂಡ ಪುಕ್ಕಟೆ ನೆಟ್ಟಿಗೆ ಹಾಕ್ತಾರೆ, ರಾತ್ರಿ ಕೇಳ್ತಿರ್ತೀನಿ. (ಕೊನೆಯಲ್ಲಿ ಪ್ರಶ್ನೆ ಕೇಳೋರೂ ಹೆಚ್ಚಾಗಿ ಓದಿದವರೇ, ಅದು ಬೇರೆ ಮಾತು.)

ನನಗೆ ಮೀನು ಮಾರೋರು, ಭಾನುವಾರದ ಸಂತೆಯವರು, ಅಂಕೋಲೆ ಕಡೆಯಿಂದ ಸೊಪ್ಪು ತರೋ ಹಾಲಕ್ಕಿ ಸಮುದಾಯದ ಹೆಂಗಸರು ಬರಬೇಕು. ಎಷ್ಟು ಹೊತ್ತಿಗೆ ಇಡಲಿ, ಎಲ್ಲಿ ಇಡಲಿ?

ಬೈತಖೋಲ್_ಪೋರ:

ಸರ್, ನಮ್ಮ ಆಯಿ (ಅಮ್ಮ) ಮೀನು ಮಾರ್ತಾಳೆ, ಹಂಗಾಗಿ ನೇರವಾಗೇ ಹೇಳ್ತೇನೆ. ಬೆಳಿಗ್ಗೆ 11ಕ್ಕೆ ಇಟ್ರೆ ಒಬ್ಬಳೂ ಬರೂದಿಲ್ಲ. ಬೆಳಕು ಹರಿಯೂದ್ರೊಳಗೆ ಬಂದರಲ್ಲಿ ಹರಾಜು, ಆಮೇಲೆ ಬುಟ್ಟಿ ಹೊತ್ತು ಪೇಟೆ. 11 ಗಂಟೆ ಅಂದ್ರೆ ಬಂಗುಡೆಗೆ ಒಳ್ಳೆ ರೇಟು ಸಿಗೂ ಹೊತ್ತು. ಮಧ್ಯಾಹ್ನ ದಾಟಿದ್ಮೇಲೆ ಐಸ್ ಕರಗ್ತದೆ, ಗಿರಾಕಿ ಕೇಳಿದ ರೇಟಿಗೆ ಕೊಡಬೇಕು. ಎಲ್ಲಾ ಮುಗಿಸಿ ಥರ್ಮಾಕೋಲ್ ಪೆಟ್ಟಿಗೆ ತೊಳೆದು ಬೋರಲು ಹಾಕಿ, ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಹೆಂಗಸರೆಲ್ಲ ಅಲ್ಲೇ ಸ್ವಲ್ಪ ಹೊತ್ತು ಕೂತ್ಕೊಳ್ತಾರೆ. ಆ ಹೊತ್ತಿಗೆ ನೀವೇ ಅಲ್ಲಿಗೆ ಬರಬೇಕು. ಕಾಲೇಜಿಗೆ ಕರೆದ್ರೆ ಅವಳು ಬರೂದಿಲ್ಲ. ಮೈಯೆಲ್ಲ ಮೀನು ವಾಸನೆ ಅಂತ ಅವಳೇ ಹಿಂದೆ ಸರೀತಾಳೆ. ಇನ್ನೊಂದು ಕಾರಣ, ಒಂದಿನ ಜಾಗ ಖಾಲಿ ಬಿಟ್ರೆ ಮರುದಿನ ಅಲ್ಲಿ ಬೇರೆಯವಳು ಕೂತಿರ್ತಾಳೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಬಂದ್, ಆಗ ಕೆಲಸ ಕಡಿಮೆ. ಒಣಮೀನು ಮಾರೂರು ಇರ್ತಾರೆ, ಆದ್ರೂ ಪುರಸೊತ್ತು ಸಿಗ್ತದೆ. ಮಳೆಗೆ ಒಂದು ಮಾಡು ನೋಡ್ಕೊಳ್ಳಿ. ಮತ್ತೆ ಕೊಂಕಣಿ ಬರೂರು ಒಬ್ಬರು ಬೇಕೇ ಬೇಕು. ಆಯಿ ಕನ್ನಡದಲ್ಲಿ ವ್ಯಾಪಾರ ಮಾಡ್ತಾಳೆ, ಜಗಳ ಮಾತ್ರ ಕೊಂಕಣಿಯಲ್ಲಿ. ನಿಮಗೆ ಬೇಕಾಗಿದ್ದು ಆ ಜಗಳದ ಮಾತೇ ಅಲ್ವಾ?

ಹಳೇ_ಗುಮಾಸ್ತ:

ಕರಾವಳಿಯ ಒಂದು ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಊರಿನ ಹೆಸರು ಬೇಡ. ಹೊತ್ತು, ಜಾಗ ಎಲ್ಲ ಸರಿಯೇ. ಆದರೆ ಜನ ಯಾಕೆ ಬರಬೇಕು ಅನ್ನುವುದನ್ನು ಯಾರೂ ಕೇಳಲಿಲ್ಲ. ‘ನ್ಯಾಯ’ದ ಬಗ್ಗೆ ಕೇಳಲು ಯಾರೂ ವ್ಯಾಪಾರ ಬಿಟ್ಟು ಬರುವುದಿಲ್ಲ. ಬೀದಿ ವ್ಯಾಪಾರಿಗಳ ಸಮೀಕ್ಷೆಯ ಪಟ್ಟಿಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ನೋಡಲು ಬರುತ್ತಾರೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಅದು ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟೀಸು. ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಚುನಾಯಿತರಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಬರೆದು ಕೊಡಬೇಕು. ಕೆಡುವ ಮಾಲನ್ನು ಕೇಳಿದ ದಿನವೇ ವಾಪಸ್ ಕೊಡಬೇಕು. ಮೀನಿನವರಿಗೆ ಈ ಒಂದು ಸಾಲು ಗೊತ್ತಾದರೆ ನಿಮ್ಮ ಉಪನ್ಯಾಸದ ಮುಕ್ಕಾಲು ಕೆಲಸ ಆದಂತೆ.

ಒಂದು ಎಚ್ಚರ. ಮಾರುಕಟ್ಟೆ ಕಟ್ಟಡದೊಳಗೆ ಕಟ್ಟೆ ಪಡೆದು ಕೂತವರ ಲೆಕ್ಕ ಬೇರೆ, ಅದು ಬಾಡಿಗೆ ಮತ್ತು ಹರಾಜಿನ ವ್ಯವಹಾರ. ರಸ್ತೆ ಬದಿಯವರು, ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು ಈ ಕಾಯ್ದೆಯೊಳಗೆ ಬರುತ್ತಾರೆ. ಪ್ರಾಧ್ಯಾಪಕರು ಎರಡನ್ನೂ ಕಲಸಿಬಿಟ್ಟರೆ ಹೆಂಗಸರು ಮರುದಿನ ಕಚೇರಿಯಲ್ಲಿ ಬೈಸಿಕೊಂಡು ಬರುತ್ತಾರೆ.

ಈಗಲೇ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಸಮೀಕ್ಷೆಯ ಪಟ್ಟಿ, ಸಮಿತಿ ಸದಸ್ಯರ ಹೆಸರು, ಕಳೆದ ಸಭೆಗಳ ನಡಾವಳಿ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಪ್ರಾಧ್ಯಾಪಕರು ಪಿಪಿಟಿಗಿಂತ ಮೊದಲು ಆ ಕಾಗದ ಓದಿಕೊಂಡು ಬರಲಿ.

ಶಿರಸಿ_ಪ್ರೇಕ್ಷಕ:

ನಂದು ಒಂದೇ ಕೋರಿಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ-ತುರಾಯಿ, ನೆನಪಿನ ಕಾಣಿಕೆ ಇಷ್ಟನ್ನೂ ಬಿಡಿ. ನಮ್ಮ ಕಡೆ ಇದೇ ಒಂದು ತಾಸು ತಿನ್ನುತ್ತದೆ. ಅಷ್ಟೊತ್ತಿಗೆ ಕೊನೇ ಬಸ್ಸಿನ ಚಿಂತೆ ಹತ್ತಿ ಕೇಳುಗರು ಚಪ್ಪಲಿ ಹುಡುಕುತ್ತಿರುತ್ತಾರೆ. ಅಧ್ಯಕ್ಷರ ಭಾಷಣವಂತೂ ದೇವರಾಣೆ ಬೇಡ. ಮೊದಲ ಅರ್ಧ ತಾಸು ಮೈಕು ಕೆಳಗೆ ಕೂತವರ ಕೈಯಲ್ಲಿರಲಿ, ಪ್ರಾಧ್ಯಾಪಕರು ಬರೆದುಕೊಳ್ಳಲಿ.

ಕೋಡಿಬಾಗ_ಮೇಷ್ಟ್ರು:

ಪ್ರಾಂಶುಪಾಲರ ಜತೆ ಮಾತಾಡಿದೆ. ಕಾಲೇಜಿನ ಹೊರಗೆ ಅಂದ ಕೂಡಲೇ ಮುಖ ಹುಳಿ ಮಾಡಿದರು. ಬ್ಯಾನರ್ ಅಲ್ಲೂ ಕಟ್ಟಬಹುದು ಸರ್ ಅಂದೆ, ಒಪ್ಪಿದರು. ಜೂನ್ ಕೊನೆಗೆ ಇಡೋ ಯೋಚನೆ, ಪೇಟೆ ಹತ್ತಿರವೇ ಮಾಡು ಇರೋ ಜಾಗ ನೋಡ್ತಿದೀನಿ. ಹಾಲಕ್ಕಿ ಹೆಂಗಸರಿಗೆ ಈ ದಿನ ಒಗ್ಗಲ್ಲ, ಮಳೆಗಾಲದಲ್ಲಿ ಅವರಿಗೆ ಗದ್ದೆ ಕೆಲಸ. ಅವರಿಗೆ ಬೇಸಿಗೆಯಲ್ಲಿ ಅಂಕೋಲೆಯಲ್ಲೇ ಬೇರೆ ಮಾಡಬೇಕು. ಅರ್ಜಿ ಟೈಪ್ ಆಗಿದೆ, ಸೋಮವಾರ ಕೊಡ್ತೀನಿ. ಅಧಿಕಾರಿಗಳನ್ನ ಕರೀಲಾ ಬೇಡವಾ?

ಹಳೇ_ಗುಮಾಸ್ತ:

ಕರೆಯಿರಿ, ವೇದಿಕೆ ಮೇಲೆ ಕೂರಿಸಬೇಡಿ. ಮೇಲೆ ಕೂತರೆ ಆಶ್ವಾಸನೆ ಕೊಟ್ಟು ಎದ್ದು ಹೋಗುತ್ತಾರೆ. ಕೆಳಗೆ ಕೂತರೆ ಪಕ್ಕದವರಿಗೆ ಉತ್ತರ ಹೇಳಬೇಕಾಗುತ್ತದೆ.

ಬೈತಖೋಲ್_ಪೋರ:

ಕೊಂಕಣಿಗೆ ನಾನೇ ಬರ್ತೇನೆ. ಆಯಿಗೂ ಹೇಳಿದೆ. ಧಾರವಾಡದವರು ಏನ್ ಹೇಳ್ತಾರೆ ಅಂತ ಅವಳು ಕೇಳಲೇ ಇಲ್ಲ. ಮೀನು ಅದೇ ದಿನ ಕೊಡಬೇಕಂತೆ, ಸರಿ, ತಕ್ಕಡಿ ಎತ್ಕೊಂಡು ಹೋದ್ರೆ ಯಾವಾಗ ಕೊಡ್ತಾರೆ ಅಂತ ಕೇಳಿದ್ಲು.

ಹಳೇ_ಗುಮಾಸ್ತ:

ತಕ್ಕಡಿ ಕೆಡುವ ವಸ್ತು ಅಲ್ಲ, ಹಾಗಾಗಿ ಕೇಳಿದ ಮೇಲೆ ಎರಡು ಕೆಲಸದ ದಿನದೊಳಗೆ. ದಂಡ ಕಟ್ಟಿಸಿಕೊಂಡರೆ ರಸೀದಿ ಕೇಳಿ ಇಸಿದುಕೊಳ್ಳಲಿ.