ಅಮ್ಮನಿಗೆ ರಕ್ತಪಾತವಿಲ್ಲದ ಪತ್ತೇದಾರಿ ಕಾದಂಬರಿ ಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯವರು. ಅಮ್ಮ ಓದುವುದು ಕನ್ನಡ ಮಾತ್ರ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಎಲ್ಲ ಆಗಿದೆ. ಈಗ "ಪ್ರೇಮಕಥೆ ಸಾಕು, ಏನಾದ್ರೂ ಕುತೂಹಲ ಇರೋದು ಕೊಡು" ಅನ್ನುತ್ತಿದ್ದಾರೆ.

ನಾನು ಇಂಗ್ಲಿಷಿನಲ್ಲಿ ರಿಚರ್ಡ್ ಆಸ್ಮನ್ ಅವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' (2020) ಓದಿದೆ. ನಿವೃತ್ತರ ವಸತಿಯಲ್ಲಿರುವ ನಾಲ್ವರು ಹಿರಿಯರು ಸೇರಿ ಕೊಲೆಯ ಗುಟ್ಟು ಬಿಡಿಸುತ್ತಾರೆ. ನಗು ಇದೆ, ವಯಸ್ಸಾದವರ ಒಂಟಿತನವೂ ಇದೆ. ಕೊಲೆಗಿಂತ ಆ ಸ್ನೇಹವೇ ನನಗೆ ಜಾಸ್ತಿ ಹಿಡಿಸಿತು. ಕಥೆ ಹೇಳಿದಾಗ ಅಮ್ಮ ಮುಂದೇನು, ಮುಂದೇನು ಅಂತ ಕೇಳಿದರು. ಟ್ರಾವಿಸ್ ಬಾಲ್ಡ್ರೀ ಅವರ 'ಲೆಜೆಂಡ್ಸ್ ಆಂಡ್ ಲಾಟೇಸ್' (2022) ಕಥೆಯನ್ನೂ ಹೇಳಿದೆ. ಮಾಯಾಲೋಕವೊಂದರಲ್ಲಿ ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುವವಳ ಕಥೆ, ನನಗೆ ಪ್ರಾಣ. ಅಮ್ಮನಿಗೆ ಆ ಮಾಯಾಲೋಕ ಒಗ್ಗಲಿಲ್ಲ.

ಗಾಂಧಿ ಬಜಾರ್, ಅವೆನ್ಯೂ ರೋಡ್, ಕಬ್ಬನ್ ಪಾರ್ಕಿನ ಲೈಬ್ರರಿ ಎಲ್ಲ ಕಡೆ ಹುಡುಕಿದೆ. ಎನ್. ನರಸಿಂಹಯ್ಯ ಅವರ ಪತ್ತೇದಾರಿ ಕಾದಂಬರಿಗಳನ್ನು ಅಮ್ಮ ಚಿಕ್ಕವರಿದ್ದಾಗಲೇ ಓದಿದ್ದಾರಂತೆ. ಹೊಸ ಥ್ರಿಲ್ಲರ್ ಒಂದು ತಂದುಕೊಟ್ಟೆ. ಹಿಂಸೆಯ ವರ್ಣನೆ ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂದರು.

ನನ್ನ ಗೊಂದಲ ಇಲ್ಲೇ. ಅಂಗಡಿಯಲ್ಲಿ ಎಲ್ಲವೂ 'ಪತ್ತೇದಾರಿ' ಅಂತ ಒಂದೇ ಕಪಾಟಿನಲ್ಲಿರುತ್ತವೆ. ಯಾವುದು ಹಗುರ, ಯಾವುದು ಭೀಕರ ಅಂತ ಬೆನ್ನುಡಿ ನೋಡಿದರೆ ಗೊತ್ತಾಗುವುದಿಲ್ಲ, ಅಲ್ವಾ?

ಪೊಲೀಸರಲ್ಲದ ಸಾಮಾನ್ಯ ಜನ, ಅದರಲ್ಲೂ ಹಿರಿಯರು ಅಥವಾ ಗೃಹಿಣಿಯರು ರಹಸ್ಯ ಬಿಡಿಸುವ ಕನ್ನಡ ಕಾದಂಬರಿ ಯಾವುದಿದೆ? ಅನುವಾದವಾದರೂ ಸರಿ. ನೀವೇ ಓದಿದ್ದರೆ ಹೆಸರು, ಲೇಖಕರು, ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ತಿಳಿಸುತ್ತೀರಾ?