ಹಳೇ 800: ತಣ್ಣಗಿದ್ದಾಗ ಟಿಕ್ ಟಿಕ್, ಘಾಟಿಯಲ್ಲಿ ಕಟಕಟ

ತುಂಗಾತೀರ:
1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ, 92,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಂತ ಚೂಪಾದ ಸದ್ದು. ಹತ್ತು ನಿಮಿಷ ಓಡಿದ ಮೇಲೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆಗುಂಬೆ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬೇರೆಯೇ ಥರದ ಕಟಕಟ. ಆಯಿಲ್ ಮಟ್ಟ ಸರಿ ಇದೆ, ಆಯಿಲ್ ಲೈಟ್ ಉರಿಯುವುದಿಲ್ಲ. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಲೇಬೇಕು ಅನ್ನುತ್ತಿದ್ದಾರೆ. ಅದಕ್ಕೂ ಮೊದಲು ಏನೇನು ನೋಡಬೇಕು?

ಸ್ಪ್ಯಾನರ್_10_12:
ಇವು ಎರಡು ಬೇರೆ ಸದ್ದು ಸಾರ್, ಒಂದೇ ಕಾಯಿಲೆ ಅಂದುಕೊಳ್ಳಬೇಡಿ. ಮೊದಲು ಟಿಕ್ ಟಿಕ್ ನೋಡೋಣ.

ಸದ್ದಿನ ಲಯ ಹಿಡಿಯಬೇಕು. ಐಡ್ಲಿಂಗ್ 900 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಸೆಕೆಂಡಿಗೆ 15 ಸುತ್ತು, ಕ್ಯಾಮ್ (ವಾಲ್ವ್ ತೆರೆಸುವ ಮೇಲಿನ ದಂಡ) ಅದರ ಅರ್ಧ. ಕಿವಿಯಲ್ಲಿ ಎಣಿಸಲು ಆಗುವುದಿಲ್ಲ, ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ತನ್ನಿ. ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ. ಎರಡು ಕ್ರ್ಯಾಂಕ್ ಸುತ್ತಿಗೆ ಒಂದು ಸಲ ಮಿನುಗುತ್ತದೆ. ಮಿನುಗಿಗೆ ಒಂದೇ ಟಿಕ್ ಬಿದ್ದರೆ ಕ್ಯಾಮ್ ಕಡೆಯ ಸದ್ದು: ಟ್ಯಾಪೆಟ್ (ವಾಲ್ವ್ ಮೇಲಿನ ಗ್ಯಾಪ್), ರಾಕರ್ (ವಾಲ್ವ್ ಒತ್ತುವ ತೋಳು), ಇಲ್ಲವೇ ಕ್ಯಾಮಿನಿಂದಲೇ ಓಡುವ ಪೆಟ್ರೋಲ್ ಪಂಪ್. ಮಿನುಗಿಗೆ ಎರಡು ಬಿದ್ದರೆ ಕೆಳಗಿನದು, ಪಿಸ್ಟನ್ ಅಥವಾ ಬೇರಿಂಗ್.

ಆಮೇಲೆ ಉದ್ದನೆ ಸ್ಕ್ರೂಡ್ರೈವರ್. ತುದಿ ಇಂಜಿನ್ ಮೇಲೆ, ಹಿಡಿ ಕಿವಿಯ ಮುಂದಿನ ಮೂಳೆಗೆ. ವಾಲ್ವ್ ಕವರ್, ಪೆಟ್ರೋಲ್ ಪಂಪ್, ಬ್ಲಾಕ್ ಒಂದೊಂದಾಗಿ ಮುಟ್ಟಿ ಕೇಳಿ. ಬೆಲ್ಟ್ ಕಡೆ ತೋಳು, ಟವೆಲ್ ಹೋಗದ ಹಾಗೆ ನೋಡಿಕೊಳ್ಳಿ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಹೊಗೆ ಪೈಪ್ ಇಂಜಿನ್ನಿಗೆ ಕೂರುವ ಕಡೆಯ ಪ್ಯಾಕಿಂಗ್) ಸೋರಿದರೂ ಇದೇ ಟಿಕ್ ಬರುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಂಡು ಕಮ್ಮಿಯಾಗುತ್ತದೆ. ಹೆಡ್ಡಿಗೆ ಮ್ಯಾನಿಫೋಲ್ಡ್ ಕೂರುವ ಜಾಗದಲ್ಲಿ ಕರೀ ಮಸಿಯ ಗೆರೆ ಇದೆಯಾ ನೋಡಿ. ಇಂಜಿನ್ ತಣ್ಣಗಿರುವಾಗ ದಪ್ಪ ಗ್ಲೌಸ್ ಹಾಕಿ ಸೈಲೆನ್ಸರ್ ಬಾಯಿಗೆ ಎರಡು ಸೆಕೆಂಡ್ ಬಟ್ಟೆ ಒತ್ತಿದರೆ ಸೋರುವ ಟಿಕ್ ಜೋರಾಗುತ್ತದೆ, ಟ್ಯಾಪೆಟ್ ಸದ್ದು ಹಾಗೆ ಜೋರಾಗುವುದಿಲ್ಲ. ಇಷ್ಟು ಮಾಡದೆ ಇಂಜಿನ್ ಬಿಚ್ಚುವುದು ತಪ್ಪು.

ಟ್ಯಾಪೆಟ್ ಅಂತ ಗೊತ್ತಾದರೆ: ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ ಇರಬೇಕು. ವಾಲ್ವ್ ಕವರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆಯಿರಿ. ಇಗ್ನಿಷನ್ ಆಫ್ ಇಟ್ಟು, ನಾಲ್ಕನೇ ಗೇರ್ ಹಾಕಿ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದನೇ ವೈರಿನ ಜಾಗಕ್ಕೆ ಬಂದಾಗ ಆ ಸಿಲಿಂಡರಿನ ಎರಡೂ ರಾಕರ್ ಕೈಯಲ್ಲಿ ಅಲ್ಲಾಡಬೇಕು. ಆಗ ರಾಕರಿನ ಸ್ಕ್ರೂ ತಿರುಗಿಸಿ, ಸ್ಕ್ರೂಗೂ ವಾಲ್ವ್ ಕಾಂಡಕ್ಕೂ ನಡುವಿನ ಗ್ಯಾಪ್ ಹಿಡಿಯಿರಿ, ಸುಮಾರು 0.15 ಮಿ.ಮೀ. ಮುಂದೆ ಮೂರನೇ ಸಿಲಿಂಡರ್, ಆಮೇಲೆ ಎರಡನೇದು. ಫೀಲರ್ (ಗ್ಯಾಪ್ ಅಳೆಯುವ ತೆಳು ತಗಡು) ಎಳೆದರೆ ದಪ್ಪ ಪುಸ್ತಕದ ನಡುವಿನಿಂದ ಕಾಗದ ಎಳೆದ ಹಾಗೆ ಸ್ವಲ್ಪ ತಡೆ ಸಿಗಬೇಕು. ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಸದ್ದು ನಿಲ್ಲಲಿ ಅಂತ ಗ್ಯಾಪ್ ಕಮ್ಮಿ ಮಾಡಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಟ್ಟುಹೋಗುತ್ತದೆ.

ಮಲೆನಾಡು_ಮೋಟಾರ್:
ಘಾಟಿ ಸದ್ದಿಗೆ ನನ್ನ ಮಾತು. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗಿದ್ದು, ಕಾಲು ತೆಗೆದ ಕೂಡಲೇ ನಿಂತರೆ ಅದು ಪಿಂಗಿಂಗ್. ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳಬೇಕಾದ್ದಕ್ಕಿಂತ ಮುಂಚೆ, ಅಡ್ಡಾದಿಡ್ಡಿ ಹೊತ್ತಿಕೊಳ್ಳುತ್ತಿದೆ. ಮೊದಲು ಎರಡನೇ ಗೇರಿಗೆ ಇಳಿಸಿ ಹತ್ತಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ.

ಹೋಗದಿದ್ದರೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ನೋಡಿ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಪೈಪಿನ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಬಿಟ್ಟು ಇಂಜಿನ್ ಮೇಲಿನ ಗುರುತಿಗೆ ಹೋಲಿಸಿ. ಮುಂದಿದ್ದರೆ ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲಿಸಿ ರೋಟರ್ ತಿರುಗುವ ದಿಕ್ಕಿಗೇ ಕೂದಲೆಳೆಯಷ್ಟು ತಿರುಗಿಸಿ, ಟೈಮಿಂಗ್ ಹಿಂದಕ್ಕೆ ಬರುತ್ತದೆ. ಗುರುತು ಸರಿ ಇದ್ದೂ ಸದ್ದು ಬಂದರೆ ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕದ (ವೇಗ ಏರಿದಂತೆ ಕಿಡಿಯನ್ನು ಮುಂಚೆ ಹಾರಿಸುವ ತೂಕ) ಸ್ಪ್ರಿಂಗ್ ಮುರಿದಿರಬಹುದು. ರೋಟರನ್ನು ಕೈಯಿಂದ ತಿರುಗಿಸಿ ಬಿಟ್ಟರೆ ಟಪ್ಪನೆ ಹಿಂದಕ್ಕೆ ಬರಬೇಕು. ಆಯಿಲ್ ಸುಡುವ ಇಂಜಿನ್ನಾದರೆ ಪಿಸ್ಟನ್ ಮೇಲೆ ಕಾರ್ಬನ್ ಕೂತಿರುತ್ತದೆ, ಅದೂ ಒಂದು ಕಾರಣ. ಇಂಜಿನ್ ಅತಿಯಾಗಿ ಬಿಸಿಯಾದರೂ ಪಿಂಗಿಂಗ್ ಬರುತ್ತದೆ, ರೇಡಿಯೇಟರ್ ಫ್ಯಾನ್ ಸರಿಯಾಗಿ ಆನ್ ಆಗುತ್ತದೆಯಾ ನೋಡಿ.

ಭಯ ಪಡಬೇಕಾದ್ದು ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕೋಲು) ಸದ್ದಿಗೆ. ಅದು ದಪ್ಪ, ಗುಡುಗುಡು. ಇಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ 2,500ಕ್ಕೆ ಏರಿಸಿ ಕಾಲು ತೆಗೆಯಿರಿ. ಇಳಿಯುವಾಗ ಗುಡುಗಿದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಖಾತ್ರಿಗೆ: ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ, ಪೆಟ್ರೋಲಿನಿಂದ ದೂರ ಗಾಡಿಯ ಬಾಡಿಯ ಲೋಹಕ್ಕೆ ಚೆನ್ನಾಗಿ ತಾಗುವ ಹಾಗೆ ಕಟ್ಟಿ, ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿ. ಯಾವ ಸಿಲಿಂಡರಿಗೆ ಸದ್ದು ಇಳಿಯಿತೋ ಅಲ್ಲೇ ಬೇರಿಂಗ್ ಸವೆದಿದೆ. ಟ್ಯಾಪೆಟ್ ಸದ್ದು ಇದರಿಂದ ಬದಲಾಗುವುದಿಲ್ಲ. ಆಯಿಲ್ ಲೈಟ್ ನಂಬಬೇಡಿ, ಪ್ರೆಶರ್ ತೀರಾ ಬಿದ್ದ ಮೇಲೇ ಅದು ಉರಿಯುವುದು. ಆ ಲೈಟಿನ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಪ್ರೆಶರ್ ಗೇಜ್ ಹಾಕಿಸಿ. ರೂಢಿಯ ಲೆಕ್ಕ, ಬಿಸಿಯಾದ ಇಂಜಿನ್ನಿಗೆ 1,000 ಆರ್‌ಪಿಎಂಗೆ 10 ಪಿಎಸ್‌ಐ (ಒತ್ತಡದ ಅಳತೆ).

ತುಂಗಾತೀರ:
ತುಂಬಾ ಉಪಕಾರ. ಎರಡನೇ ಗೇರಿನಲ್ಲಿ ಕಟಕಟ ಇಲ್ಲ, ಕಾಲು ತೆಗೆದರೂ ಗುಡುಗುಡು ಇಲ್ಲ. ಮಸಿ ಗೆರೆ ಇಲ್ಲ. ಮಿನುಗಿಗೆ ಒಂದೇ ಟಿಕ್. ಆರೂ ವಾಲ್ವ್ 0.15ಕ್ಕೆ ಹಿಡಿದೆ, ಆದರೂ ಎರಡನೇ ಸಿಲಿಂಡರ್ ಎಕ್ಸಾಸ್ಟ್ ಕಡೆ ಟಿಕ್ ಹಾಗೇ ಇದೆ.

ಸ್ಪ್ಯಾನರ್_10_12:
ಆ ವಾಲ್ವಿನ ಅಡ್ಜಸ್ಟಿಂಗ್ ಸ್ಕ್ರೂ ಬಿಚ್ಚಿ, ತುದಿಯನ್ನು ಬೆಳಕಿಗೆ ಹಿಡಿದು ಉಗುರು ಎಳೆಯಿರಿ. ವಾಲ್ವ್ ಕಾಂಡಕ್ಕೆ ಬಡಿದು ಬಡಿದು ನಡುವೆ ಗುಳಿ ಬಿದ್ದಿದ್ದರೆ ಉಗುರಿಗೆ ಸಿಗುತ್ತದೆ. ಫೀಲರ್ ಆ ಗುಳಿಯ ಅಂಚುಗಳ ಮೇಲೆ ಸೇತುವೆ ಥರ ಕೂರುತ್ತದೆ, ನೀವು 0.15 ಅಂದುಕೊಂಡದ್ದು ನಿಜದಲ್ಲಿ ಅದಕ್ಕಿಂತ ಜಾಸ್ತಿ. ಸ್ಕ್ರೂ, ನಟ್ ಎರಡೂ ಹೊಸದು ಹಾಕಿ. ಕಾಂಡದ ತುದಿಯೂ ಸವೆದಿದ್ದರೆ, ಇಲ್ಲವೇ ರಾಕರ್ ತನ್ನ ಶಾಫ್ಟಿನಲ್ಲಿ ಸಡಿಲವಾಗಿ ಮೇಲೆ-ಕೆಳಗೆ ಆಡುತ್ತಿದ್ದರೆ, ಆ ಭಾಗ ಬದಲಿಸದೆ ಸದ್ದು ನಿಲ್ಲುವುದಿಲ್ಲ. ಕವರ್ ಮುಚ್ಚುವಾಗ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಆಯಿಲ್ ಸೋರಿ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆ ಬರುತ್ತದೆ.